ಅವ್ವನ ತಟ್ಟೆಗೆ ಬಂದ ಗೋಧಿ

"ಇದು ಇಟ್ಟಲ್ಲ ಕಣ್ಲಾ, ಗೋಡೆಗೆ ಕಾಗ್ದ ಅಂಟ್ಸೋ ಗೋಂದು!"

ಹೀಗೆಂದು ನನ್ನ ಅವ್ವ ತಟ್ಟೆ ಸರಿಸಿ ಎದ್ದೇಬಿಟ್ಟಳು.

ಮಹಾಯುದ್ಧ ಮುಗಿಯಿತೆಂದು ಪತ್ರಿಕೆಗಳೆಲ್ಲ ಬರೆದವು. (ನಾನೂ ಈ ಅಂಕಣದಲ್ಲೇ ಬರೆದೆ.) ರೇಷನ್ ಎಲ್ಲಿ ಮುಗಿಯಿತು? ಈ ಸಲ ಮಂಡ್ಯದ ನಮ್ಮ ಬೀದಿಯ ರೇಷನ್ ಅಂಗಡಿಯಲ್ಲಿ ರಾಗಿಯೇ ಇಲ್ಲ. ಗೋಧಿ ಕೊಟ್ಟು ಕಳಿಸಿದರು. ಗೋಧಿ ನಮ್ಮಲ್ಲಿ ಹಬ್ಬದ ಪಾಯಸಕ್ಕೆ. ದಿನಾ ಉಣ್ಣುವುದಕ್ಕೆ ಯಾರು ಕೇಳಿದ್ದರು?

ಕೆರಗೋಡಿನಿಂದ ಅವ್ವ ಬಂದದ್ದೂ ಅದೇ ವಾರ. ಎಪ್ಪತ್ತು ದಾಟಿದ ಜೀವ. ಮುದ್ದೆ, ಉಪ್ಸಾರು ಬಿಟ್ಟು ಬೇರೆ ಯಾವುದನ್ನೂ ಊಟವೆಂದು ಕರೆದವಳಲ್ಲ. ನನ್ನ ಹೆಂಡತಿ ಗೌರಿ ಬೇರೆ ದಾರಿ ಕಾಣದೆ ಗೋಧಿಹಿಟ್ಟಿನಲ್ಲೇ ಮುದ್ದೆ ತೊಳಸಿದಳು. ಕೋಲು ಹಿಟ್ಟಿನಲ್ಲಿ ಸಿಕ್ಕಿಕೊಂಡಿತು. ಅವ್ವನ ಬೆರಳುಗಳೂ!

ಮರುದಿನವೆಲ್ಲ ಬರೀ ಮಜ್ಜಿಗೆ. ಸಂಜೆ ಏಳುವಾಗ ಅವ್ವ ಗೋಡೆ ಹಿಡಿದಳು. ನನಗೆ ಹೆದರಿಕೆಯಾಯಿತು.

"ನನ್ನ ಊರ್ಗೆ ಕಳ್ಸ್‌ಬುಡ್ಲಾ."

"ಅಲ್ಲಿ ಮಾತ್ರ ರಾಗಿ ಎಲ್ಲದೆ ಕಣವ್ವ? ಬೆಳೆದದ್ದನ್ನ ಸರ್ಕಾರದ ಲೆವಿಗೆ ಅಳೆದು ಕೊಟ್ಟಾಯ್ತಲ್ಲ."

ಗೌರಿ ನಮ್ಮ ವಾದ ಕೇಳುತ್ತ ಕೂರಲಿಲ್ಲ. ಪಕ್ಕದ ಮನೆಯ ಬಸಂತ್ ಕೌರ್ ಅವರನ್ನು ಕರೆತಂದಳು. ಪಂಜಾಬಿನವರು, ಗಂಡ ಇಲ್ಲಿ ಮೆಕ್ಯಾನಿಕ್. ಆಕೆಗೆ ಕನ್ನಡ ಬಾರದು, ಅವ್ವನಿಗೆ ಕನ್ನಡ ಬಿಟ್ಟು ಇನ್ನೊಂದು ಬಾರದು. ಆಕೆ ಹಿಟ್ಟು ಕಲಸಿ, ಅಂಗೈಯಲ್ಲೇ ತಟ್ಟಿ, ಹೆಂಚಿನ ಮೇಲೆ ಬೇಯಿಸಿ, ಕೆಂಡಕ್ಕೆ ಹಿಡಿದು ಚೆಂಡಿನಂತೆ ಉಬ್ಬಿಸಿದರು.

ಅವ್ವ ರೊಟ್ಟಿಯನ್ನು ತಿರುಗಿಸಿ ನೋಡಿದಳು. "ಅಗಿಯಕ್ಕೆ ನಂಗೆಲ್ಲಿ ಹಲ್ಲವೆ, ಬಸಮ್ಮ?" (ಬಸಂತ್ ಕೌರ್ ಬಸಮ್ಮ ಆದದ್ದು ಹೀಗೆ.)

ಆಮೇಲೆ ಏನನ್ನಿಸಿತೋ, ರೊಟ್ಟಿಯನ್ನು ಚೂರು ಚೂರು ಮುರಿದಳು. ಬಿಸಿ ಉಪ್ಸಾರು ಸುರಿದುಕೊಂಡಳು. ಚೆನ್ನಾಗಿ ನೆನೆದ ಮೇಲೆ ಕಿವುಚಿ, ಉಂಡೆ ಕಟ್ಟಿ, ಅರೆದ ಖಾರಕ್ಕೆ ಅದ್ದಿ ಗುಳುಕ್ಕನೆ ನುಂಗಿದಳು. ಇನ್ನೊಂದು ಉಂಡೆ. ಮತ್ತೊಂದು.

ಬಸಂತ್ ಕೌರ್ ಕಣ್ಣರಳಿಸಿ ನೋಡುತ್ತಿದ್ದರು. ಅಷ್ಟು ಅಂದವಾಗಿ ಉಬ್ಬಿಸಿದ ರೊಟ್ಟಿಗೆ ಇಂಥ ಗತಿಯೇ? ಬೇಸರವಾಯಿತೇನೋ ಎಂದುಕೊಂಡೆ. ಆಕೆ ಅವ್ವನ ಪಕ್ಕದಲ್ಲಿ ಕುಳಿತು ಅಂಗೈ ಚಾಚಿದರು. ಅವ್ವ ಒಂದು ಉಂಡೆ ಇಟ್ಟಳು. ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂತು. ಆದರೂ ಕೈ ಮತ್ತೆ ಮುಂದೆ ಬಂತು.

"ತಿನ್ನು ಮಗ, ನಾಚ್ಕಬ್ಯಾಡ."

ಅವ್ವ ಈಗ ಊರಿನ ಮಾತೆತ್ತುತ್ತಿಲ್ಲ. ಮಧ್ಯಾಹ್ನವಾದರೆ ಸೊಪ್ಪು ಸೋಸುತ್ತ ಬಸಮ್ಮನ ಜಗಲಿಯಲ್ಲಿರುತ್ತಾಳೆ. ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡುತ್ತಾರೆ.

ಸರ್ಕಾರ ಧಾನ್ಯ ಹಂಚಬಹುದು ಸ್ವಾಮಿ, ಊಟ ಹಂಚಲಾದೀತೇ?