ಹಿಡಿಯೊಳಗಿನ ಅಕ್ಕಿಕಾಳು

ಪಕ್ಕದ ಮನೆಯ ತಾತನ ಹಣೆಯ ಮೇಲೆ ಯಾವಾಗಲೂ ಒಂದು ಭೂತಗನ್ನಡಿ ಇರುತ್ತಿತ್ತು. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು. ಅದನ್ನು ಒಂದು ಪಟ್ಟಿಗೆ ಹೊಲಿದು ತಲೆಗೆ ಕಟ್ಟಿಕೊಂಡಿದ್ದರು. ಕಸದ ಡಬ್ಬಿಯನ್ನು ರಸ್ತೆಗೆ ತಳ್ಳಿಕೊಂಡು ಬರುವಾಗಲೂ ಅದು ಹಣೆಯ ಮೇಲೇ. ತಾತನಿಗೆ ಮೂರು ಕಣ್ಣು ಎಂದು ನಮ್ಮ ಮಗಳು ಬಹಳ ದಿನ ನಂಬಿದ್ದಳು. ತಾತ ಎಂದು ಕರೆಯಲು ಶುರುಮಾಡಿದವಳೂ ಅವಳೇ. ಆ ಅಮೆರಿಕನ್ ಮುದುಕರು ಅದು ತಮ್ಮ ಹುಟ್ಟುಹೆಸರೇ ಎಂಬಂತೆ ಓಗೊಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾವು ಅಮೆರಿಕದ ಡುವಾಲ್ ಎಂಬ ಸಣ್ಣ ಊರಿಗೆ ಬಂದೆವು. ನನ್ನ ಗಂಡನಿಗೆ ರೆಡ್ಮಂಡ್‌ನಲ್ಲಿ ಕೆಲಸ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಯಾವ ಫಾರ್ಮು ತುಂಬಿಸಿದರೂ ನಾನು ಇಂಥವರ ಅವಲಂಬಿತೆ, ಅಷ್ಟೇ. ಊರಿನಲ್ಲಿ ಮೂರು ವರ್ಷ ಪಾಠ ಹೇಳಿ ಬಂದವಳಿಗೆ ಅದನ್ನು ಬರೆಯುವಾಗಲೆಲ್ಲ ಮೈ ಉರಿಯುತ್ತಿತ್ತು.

ತಾತ ರೆಂಟನ್‌ನ ವಿಮಾನ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೇ ನಿವೃತ್ತರಾದವರು. ಹಳೆಯ ಪೊಲೀಸ್ ರಿವಾಲ್ವರುಗಳ ಮೂಲ ಹುಡುಕುವುದು ಅವರ ಹುಚ್ಚು. ಎಲ್ಲೆಲ್ಲಿಯೋ ಇರುವ ಸಂಗ್ರಹಕಾರರು ಫೋಟೋ ಕಳಿಸಿ, ಇದು ಯಾವ ಊರಿನ ಪೊಲೀಸರದು ಎಂದು ಕೇಳುತ್ತಿದ್ದರು. ತಾತ ತಿಂಗಳುಗಟ್ಟಲೆ ಕಾಗದ ಬರೆದು, ಲೈಬ್ರರಿ ತಡಕಾಡಿ, ತಿಳಿದದ್ದನ್ನೆಲ್ಲ ಒಂದು ಕಾರ್ಡಿಗೆ ಇಳಿಸುತ್ತಿದ್ದರು. ಪ್ರತಿ ಸಾಲಿನ ಕೊನೆಗೆ ಅದನ್ನು ಹೇಳಿದವರ ಹೆಸರು ಇರಲೇಬೇಕು. ಹೆಸರಿಲ್ಲದ ಮಾತು ಅವರ ಪಾಲಿಗೆ ಹರಟೆ. ನಾಳೆ ಮಳೆಯಂತೆ ಎಂದರೂ "ಯಾರು ಹೇಳಿದ್ದು?" ಎನ್ನುತ್ತಿದ್ದರು. ಟೀವಿಯವರು ಎಂದರೆ ನಕ್ಕುಬಿಡುತ್ತಿದ್ದರು. ಮನುಷ್ಯ ಬಹಳ ಒಳ್ಳೆಯವರು, ಆದರೆ ಒಳಗಿದ್ದ ರಿವಾಲ್ವರುಗಳ ಭಯಕ್ಕೆ ನಾನು ಅವರ ಗ್ಯಾರೇಜಿನ ಹೊಸ್ತಿಲು ತುಳಿದಿರಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಬೂದುಗುಂಬಳ ಸಿಗಲಿಲ್ಲ. ಹ್ಯಾಲೊವೀನ್‌ಗೆಂದು ಅಂಗಡಿಯ ಮುಂದೆ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ತಂದೆವು. ತೂತು ಕೊರೆದು, ಕುಂಕುಮದ ನೀರು ತುಂಬಿ, ನನ್ನ ಗಂಡ ಕಾರಿಗೆ ದೃಷ್ಟಿ ತೆಗೆದು ನೆಲಕ್ಕೆ ಅಪ್ಪಳಿಸಿದರು. ಮನೆಮುಂದಿನ ಡ್ರೈವ್‌ವೇ ತುಂಬ ಕೆಂಪು. ಜಿಂಕೆಯೇನಾದರೂ ಕಾರಿಗೆ ಸಿಕ್ಕಿತೇ ಎಂದು ತಾತ ಗಾಬರಿಯಿಂದ ಸಲಿಕೆ ಹಿಡಿದು ಓಡಿಬಂದರು.

ನನಗೆ ನಾಚಿಕೆಯಾಯಿತು. ಕೆಲಸಕ್ಕೆ ಬರುವ ಸಾಮಾನಿಗೆಲ್ಲ ನಾವು ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ, ಊರಿನಲ್ಲಿ ಪೊಲೀಸರು ಬಂದೂಕುಗಳಿಗೂ ಮಾಡುತ್ತಾರೆ ಎಂದು ವಿವರಿಸಿದೆ. ನನ್ನ ಸೋದರಮಾವ ತುಮಕೂರಿನಲ್ಲಿ ಪೊಲೀಸರ ಆಯುಧಗಳನ್ನು ನೋಡಿಕೊಳ್ಳುತ್ತಿದ್ದವರು, ಆ ಪೂಜೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದೂ ಸೇರಿಸಿದೆ. ತಾತ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ ಕಾರಿನ ಮೇಲಿನ ಕುಂಕುಮವನ್ನೂ ಅಕ್ಷತೆಯನ್ನೂ ನೋಡುತ್ತ ನಿಂತುಬಿಟ್ಟರು. ಆಮೇಲೆ ಗ್ಯಾರೇಜಿಗೆ ಬರುತ್ತೀಯಾ ಎಂದು ಕೇಳಿದರು. ಅವರ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಒಳಗೆ ಮೇಜಿನ ಮೇಲೆ ಒಂದು ರಿವಾಲ್ವರ್ ಇಟ್ಟರು. ಗುಂಡಿಲ್ಲ ಎಂದು ತೋರಿಸಿ, ಹಿಡಿಯ ಎರಡು ಮರದ ತುಂಡುಗಳನ್ನು ಬಿಚ್ಚಿದರು. ಅದು ಅವರ ಅಪ್ಪನದು. ಅಪ್ಪ ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು, ಮರಳುವಾಗ ಅದನ್ನು ತಂದಿದ್ದರು. ಹೇಗೆ ಬಂತೆಂದು ಕೊನೆಯವರೆಗೂ ಬಾಯಿಬಿಡಲಿಲ್ಲ. ಭಾರತದ ಪೊಲೀಸರಿಗೆಂದು ಹೋದ ಮಾಲು ಎಂಬಷ್ಟನ್ನು ಅದನ್ನು ತಯಾರಿಸಿದವರು ತಾತನಿಗೆ ತಿಳಿಸಿದ್ದರು. ಆದರೆ ಅದರ ಪೊಲೀಸ್ ನಂಬರಿನ ಮೇಲೆ ಅಡ್ಡಗೆರೆ ಎಳೆದಿತ್ತು. ಹಿಡಿಯೊಳಗೆ ಕಪ್ಪುಗೆಂಪು ಕಲೆ ಇತ್ತು. ಅದು ರಕ್ತ, ಅಪ್ಪ ಯಾವನೋ ಪೊಲೀಸಿನವನನ್ನು ಕೊಂದು ಕಿತ್ತುಕೊಂಡದ್ದು, ನಂಬರು ಅಳಿಸಲು ನೋಡಿದ್ದಾರೆ ಎಂದು ತಾತ ಹರೆಯದಲ್ಲೇ ತೀರ್ಮಾನಿಸಿಕೊಂಡಿದ್ದರು. ಅಪ್ಪನ ಫೋಟೋವನ್ನೂ ಗೋಡೆಗೆ ಹಾಕಿರಲಿಲ್ಲ.

"ನಾನು ಕೇಳಲೇ ಇಲ್ಲ," ಎಂದರು. "ಕೇಳಿದ್ರೆ ಹೇಳಿಬಿಡ್ತಾರೆ ಅಂತ ಹೆದರಿಕೆ." ಇಂಗ್ಲಿಷಿನಲ್ಲಿ ಆಡಿದ ಮಾತು, ನನ್ನ ನೆನಪಿನಲ್ಲಿ ಮಾತ್ರ ಕನ್ನಡದಲ್ಲೇ ಉಳಿದಿದೆ.

ಹಿಡಿಯೊಳಗೆ ಸಿಕ್ಕಿದ್ದೆಂದು ಒಂದು ಮಾತ್ರೆ ಶೀಶೆಯನ್ನೂ ತೋರಿಸಿದರು. ಅದರ ಚೀಟಿಯ ಮೇಲೆ 'ಗೊತ್ತಿಲ್ಲದ ಬೀಜ' ಎಂದಿತ್ತು. ಒಳಗೆ ಒಂದೇ ಒಂದು ಅಕ್ಕಿಕಾಳು, ತುದಿಯಲ್ಲಿ ಇನ್ನೂ ಕೆಂಪು. ನನ್ನ ಭಯವೆಲ್ಲ ಎಲ್ಲಿ ಹೋಯಿತೋ. ಅಲ್ಲಿಂದಲೇ ಮನೆಗೆ ಓಡಿ ಕುಂಕುಮದ ಭರಣಿ ತಂದು ಆ ಕಲೆಯ ಪಕ್ಕದಲ್ಲಿ ಹಿಡಿದು, ಇದು ರಕ್ತವಲ್ಲ, ಪೂಜೆಯ ಕುಂಕುಮ, ಕಾಳು ಅಕ್ಷತೆಯದು ಎಂದೆ. ತಾತ ಭೂತಗನ್ನಡಿಯಲ್ಲಿ ನೋಡಿದ್ದೇ ನೋಡಿದ್ದು.

ನಂಬರಿನ ಗೆರೆಯ ಅರ್ಥವನ್ನು ಮಾತ್ರ ಸೋದರಮಾವನನ್ನೇ ಕೇಳಬೇಕಿತ್ತು. ಮರುದಿನ ಊರಿಗೆ ಮಾತಾಡಲು ಕೊಂಡ ಕಾಲಿಂಗ್ ಕಾರ್ಡಿನ ಗುಪ್ತ ನಂಬರು ಉಜ್ಜಿ ತೆಗೆದು ಮಾವನಿಗೆ ಫೋನ್ ಮಾಡಿದೆ, ತಾತ ರಿವಾಲ್ವರನ್ನು ನಮ್ಮ ಮನೆಗೇ ತಂದು ಪಕ್ಕದಲ್ಲಿ ಕೂತಿದ್ದರು. ಅಮೆರಿಕಕ್ಕೆ ಹೋಗಿ ಇದೇ ಕಲಿತೆಯಾ ಎಂದು ಮಾವ ಮೊದಲು ಚೆನ್ನಾಗಿ ಗೇಲಿ ಮಾಡಿದರು. ಪೂಜೆಗೆ ಮುಂಚೆ ಎಣ್ಣೆ ಹಾಕಲು ಬಿಚ್ಚಿದ ಹಿಡಿ ಸಡಿಲವೇ ಇರುತ್ತದೆ, ಕುಂಕುಮ ಅಕ್ಷತೆ ಒಳಗೆ ಸೇರಿಕೊಳ್ಳುವುದು ಮಾಮೂಲು ಎಂದರು. ಗೆರೆಯ ವಿಷಯ ಹೇಳಿದಾಗ, ಕೆಳಗಿನ ನಂಬರು ಓದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ.

"ನೋಡಮ್ಮ, ಕಳ್ಳ ಆದ್ರೆ ಅರ ಹಾಕಿ ಪೂರ್ತಿ ಉಜ್ಜಿಬಿಡ್ತಾನೆ. ಓದೋ ಹಾಗೆ ಬಿಟ್ಟು ಒಂದೇ ಗೆರೆ ಎಳ್ದಿದ್ರೆ ಅದು ನಮ್ಮೋರ್ದೇ ಕೆಲ್ಸ. ಹಳೇದಾಯ್ತು ಅಂತ ಇಲಾಖೆನೇ ಕೈಬಿಟ್ಟಿದ್ದು. ಯಾರನ್ನೂ ಕೊಂದು ತಂದಿದ್ದಲ್ಲ ಅಂತ ಹೇಳು ಅವ್ರಿಗೆ."

ಹೇಳಿದೆ. ನಿಮ್ಮ ಅಪ್ಪನ ಕೈಗೆ ಕೊಟ್ಟವರು ಯಾರೆಂದು ಮಾವನಿಗೂ ಗೊತ್ತಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅದು ಬೇಡ, ಇಷ್ಟು ಸಾಕು ಎಂದರು ತಾತ. ಹಣೆಯ ಪಟ್ಟಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ಬರಿಗಣ್ಣಿನಲ್ಲಿ ಆ ರಿವಾಲ್ವರನ್ನು ನೋಡಿದರು. ಆಮೇಲೆ ಅತ್ತರು, ನಕ್ಕರು, ಕಾಫಿ ಕೇಳಿದರು. ಆ ವಾರವೇ ಅವರ ಅಪ್ಪನ ಫೋಟೋ ಹಾಲಿನ ಗೋಡೆಗೆ ಬಂತು.

ಮುಂದೆ ಪ್ರತಿ ಆಯುಧಪೂಜೆಗೂ ಅವರ ತೋಟದ ಕುಂಬಳಕಾಯಿ ನಮ್ಮ ಬಾಗಿಲಿಗೆ ಬರುತ್ತಿತ್ತು. ನಾನು ಅವರ ಗ್ಯಾರೇಜಿಗೆ ಹೋಗಿ ಲೇತಿಗೂ ಆ ರಿವಾಲ್ವರಿಗೂ ಕುಂಕುಮ ಇಟ್ಟು ಬರುತ್ತಿದ್ದೆ. ಒಳಗೆ ಹೋಗದಂತೆ ಸ್ವಲ್ಪವೇ ಇಡು, ಮುಂದಿನವರು ಗಾಬರಿಯಾದಾರು ಎಂದು ತಮಾಷೆ ಮಾಡುತ್ತಿದ್ದರು.

ಐದನೆಯ ವರ್ಷದ ದಸರೆಯವರೆಗೆ ಅವರು ಉಳಿಯಲಿಲ್ಲ. ನಿದ್ದೆಯಲ್ಲೇ ಹೋದರು. ಮನೆ ಖಾಲಿ ಮಾಡಲು ಬಂದ ಅವರ ಮಗಳು, ನಿಮಗೆ ಸೇರಬೇಕಂತೆ ಎಂದು ಆ ಮಾತ್ರೆ ಶೀಶೆಯನ್ನು ಕೈಗಿಟ್ಟಳು. ಚೀಟಿಯ ಮೇಲಿನ 'ಗೊತ್ತಿಲ್ಲದ ಬೀಜ'ವನ್ನು ತಾತ ಅಳಿಸಿರಲಿಲ್ಲ. ಓದಲು ಬರುವಂತೆ ಬಿಟ್ಟು ಒಂದೇ ಗೆರೆ ಎಳೆದಿದ್ದರು. ಕೆಳಗೆ 'ಪೂಜೆಯ ಅಕ್ಕಿ' ಎಂದಿತ್ತು. ಯಾರು ಹೇಳಿದ್ದು ಎಂಬುದರ ಮುಂದೆ ನನ್ನ ಹೆಸರಿತ್ತು, ಅದರ ಪಕ್ಕದಲ್ಲಿ ಇಂಥವರ ಹೆಂಡತಿ ಎಂದಾಗಲಿ ಅವಲಂಬಿತೆ ಎಂದಾಗಲಿ ಏನೂ ಇರಲಿಲ್ಲ.