ಜೋಡಿ ಕಣ್ಣಿನ ಹರಕೆ

ಮುಂಬಯಿಯ ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು "ರಾಚವ್ವನ ಖೋಲಿ ಎಲ್ಲಿ?" ಎಂದು ಕೇಳಿದರೆ ಪಾನಿನಂಗಡಿಯ ಭಯ್ಯಾ ಕೂಡ ಬೆರಳು ಮಾಡಿ ತೋರಿಸುತ್ತಿದ್ದ. ಒಂದು ಕೈಯಲ್ಲಿ ಬುತ್ತಿಯ ಗಂಟು, ಸೊಂಟದ ಮೇಲೆ ಸೊರಗಿದ ಕೂಸು ಇದ್ದರಂತೂ ಕೇಳುವ ಮೊದಲೇ ತೋರಿಸುತ್ತಿದ್ದ. ಹಾಗೆ ಕೇಳುವವರೆಲ್ಲ ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಬಂದವರು, ವಿಜಾಪುರ, ಬಾಗಲಕೋಟೆಯ ಕಡೆಯವರು. ಮರಾಠಿ ಬಾರದು, ಹಿಂದಿ ಬಾರದು, ಲೋಕಲ್ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆಂಬುದೂ ಗೊತ್ತಿಲ್ಲ.

ನಾಲ್ಕು ವರ್ಷಗಳ ಹಿಂದೆ ಕಾಯಿಪಲ್ಲೆ ತರಲು ಹೋದ ರಾಚವ್ವ, ದಾರಿ ತಪ್ಪಿ ಅಳುತ್ತ ಕೂತಿದ್ದ ಗಂಡಹೆಂಡಿರನ್ನು ಮನೆಗೆ ಕರೆತಂದಿದ್ದಳು. ಅಷ್ಟೇ ಸಾಕಾಯಿತು. ಅವರು ಊರಿಗೆ ಹೋಗಿ ನಾಲ್ವರಿಗೆ ಹೇಳಿದರು, ಆ ನಾಲ್ವರು ನಲವತ್ತು ಮಂದಿಗೆ. ಮಿಲ್ಲಿನಲ್ಲಿ ಫಿಟರ್ ಆಗಿದ್ದ ಅವಳ ಗಂಡ ಮುರಿಗೆಪ್ಪ, "ಬಾಗಿಲಿಗೊಂದು ಟಿಕೆಟ್ ಖಿಡಕಿ ಇಡೂಣೇನ?" ಎಂದು ಚಾಷ್ಟಿ ಮಾಡುತ್ತಿದ್ದ. ಆಡಿದ ಮೇಲೆ ತಾನೇ ತನ್ನ ಹಾಸಿಗೆ ಸುತ್ತಿಕೊಂಡು ಚಾಳಿನ ಪಡಸಾಲೆಗೆ ಹೋಗುತ್ತಿದ್ದ.

ರಾಚವ್ವನ ಕಾಯಿದೆಗಳು ಕಡಿಮೆ, ಆದರೆ ಗಟ್ಟಿ. ತಾಯಿ ರೊಟ್ಟಿ ತಿನ್ನದೆ ಆಸ್ಪತ್ರೆಗೆ ಹೊರಡುವಂತಿಲ್ಲ. ಕೂಸಿಗೆ ಇನ್ನೊಂದು ಅಂಗಿ ಚೀಲದಲ್ಲಿರಬೇಕು. ಔಷಧದ ವಾಸನೆಗೆ ಹೊಟ್ಟೆ ತೊಳಸಿದರೆ ಮೂಸಲು ಒಂದು ನಿಂಬೆಹಣ್ಣು. ಡಾಕ್ಟರರ ಮಾತನ್ನು ಮರಾಠಿಯಿಂದ ಕನ್ನಡಕ್ಕೆ ಹೇಳುವವಳೂ ಅವಳೇ. ಇವೆಲ್ಲದರ ಜೊತೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು: ಹರಕೆ ಕಟ್ಟುವುದು. ಕೂಸಿನ ಯಾವ ಅಂಗಕ್ಕೆ ರೋಗವೋ ಆ ಅಂಗವನ್ನು ಬೆಳ್ಳಿಯ ತಗಡಿನಲ್ಲಿ ಮಾಡಿಸಿ, ಅರಿಷಿಣದ ಬಟ್ಟೆಯಲ್ಲಿ ಸುತ್ತಿ, ಊರ ದ್ಯಾಮವ್ವನ ಹೆಸರು ಹೇಳಿ ಕೂಸಿನ ಉಡದಾರಕ್ಕೆ ಕಟ್ಟುವುದು. ಗುಣವಾದ ಮೇಲೆ ಗುಡಿಗೆ ಒಪ್ಪಿಸುವುದು. ಕಟ್ಟಿದ ಮೇಲೆ ತಾಯಂದಿರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು. ಅದನ್ನು ಕಂಡೇ ರಾಚವ್ವ ಕಟ್ಟುತ್ತಿದ್ದಳು.

ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಶಿವಪುತ್ರಪ್ಪ, ಚನ್ನವ್ವ ಬಂದರು. ಮೂರು ವರ್ಷದ ಮಗಳು ನೀಲಾ. ಮಬ್ಬಿನಲ್ಲಿ ಅವಳ ಎಡಗಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಮರುದಿನವೇ ರಾಚವ್ವ ಅಕ್ಕಸಾಲಿಗನಿಂದ ಬೆಳ್ಳಿಯ ಕಣ್ಣು ತಂದಳು. ಒಂದೇ ತಗಡಿನಲ್ಲಿ ಒತ್ತಿದ ಎರಡು ಕಣ್ಣು, ನಡುವೆ ಸಣ್ಣ ಪಟ್ಟಿ. "ಎರಡೂ ಕಣ್ಣು ಉಳಸವ್ವಾ, ಜೋಡಿ ತಂದು ನಿನ್ನ ಪಾದಕ್ಕ ಇಡತಾರ" ಎಂದು ಗಂಟು ಹಾಕಿದಳು.

ಸೋಮವಾರ ಡಾಕ್ಟರರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ನಂತರ ರಾಚವ್ವನ ಕಡೆ ತಿರುಗಿ, "ಡೋಳಾ ಕಾಢಾವಾ ಲಾಗೇಲ್, ಬಾಯಿ" ಎಂದರು. ಕಣ್ಣು ತೆಗೆಯಬೇಕು. ಕ್ಯಾನ್ಸರ್ ಇನ್ನೂ ಕಣ್ಣಿನೊಳಗೇ ಇರುವಂತಿದೆ, ತಡಮಾಡಿದರೆ ಮಿದುಳಿಗೆ ಏರುತ್ತದೆ, ಆಮೇಲೆ ಕೂಸು ಉಳಿಯುವುದಿಲ್ಲ. ಗುರುವಾರ ಆಪರೇಷನ್, ತಂದೆತಾಯಿ ಹೆಬ್ಬೆಟ್ಟು ಒತ್ತಬೇಕು.

ರಾಚವ್ವ ಅಷ್ಟನ್ನೂ ಹೇಳಿದಳು. ಶಿವಪುತ್ರಪ್ಪ ಹೆಂಡತಿಯ ಮುಖ ನೋಡಿದ. ಚನ್ನವ್ವ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅದ್ಹ್ಯಾಂಗ ಆಗತೈತ್ರಿ ಅಕ್ಕಾ? ಎರಡೂ ಉಳಸು ಅಂತ ನೀವಾ ಜೋಡಿ ಕಟ್ಟೀರಿ. ಈಗ ನಾವಾ ಒಂದು ತಗಸಿದ್ರ ದ್ಯಾಮವ್ವ ಸುಮ್ಮ ಇರತಾಳೇನ್ರಿ? ಇನ್ನೊಂದನ್ನೂ ಒಯ್ತಾಳ. ಹರಕಿ ಮುಟ್ಟಸೂತನ ಹೆಬ್ಬಟ್ಟು ಒತ್ತಾಂಗಿಲ್ಲ."

ಸಮಾಧಾನಕ್ಕೆಂದು ರಾಚವ್ವ ಹಾಕಿದ ಗಂಟು ಕೂಸಿನ ಕೊರಳಿಗೇ ಬಿದ್ದಂತಾಗಿತ್ತು.

ಗಾಡಿಯಲ್ಲಿ ಮರಳುವಾಗ ಅವಳಿಗೆ ಅದೇ ಯೋಚನೆ. ಹರಕೆ ಬಿಚ್ಚಬಹುದೇ? ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಬಿಚ್ಚಿದವರನ್ನು ಅವಳು ಕಂಡಿರಲಿಲ್ಲ. ಬಿಚ್ಚಿದ ಮೇಲೆ ಕೂಸಿಗೆ ಏನಾದರೂ ಆದರೆ? ಬಿಚ್ಚದೆ ಏನಾದರೂ ಆದರೆ? ಎರಡೂ ಕಡೆ ತನ್ನ ಕೈಯೇ ಇತ್ತು.

ಪಕ್ಕದ ಖೋಲಿಯ ವಾರಿಜಾಳಿಗೆ ಹೇಳಿದಳು. ವಾರಿಜಾ ಉಡುಪಿಯ ಕಡೆಯವಳು. ಗಂಡ ಘಾಟ್ಕೋಪರಿನ ಹೋಟೆಲಿನಲ್ಲಿ, ಇವಳು ಮನೆಯಲ್ಲಿ ರವಿಕೆ ಹೊಲಿಯುವವಳು.

"ಎಂತ ಮಾರಾಯ್ತಿ ನೀನು! ಡಾಕ್ಟರ್ ಉಂಟು, ದೇವರು ಉಂಟು. ನಡುವಲ್ಲಿ ನಿನಗೆಂತ ಕೆಲಸ? ಗಂಟು ಹಾಕಿದವಳು ನೀನು, ಬಿಚ್ಚು."

"ಬಿಚ್ಚಾಕ ಬರತೈತೋ ಇಲ್ಲೋ?"

"ನನ್ನ ಹತ್ರ ಕೇಳಿದ್ರೆ? ನಮ್ಮ ಊರಿನ ಭೂತಗಳ ವಿಷಯ ಆದ್ರೆ ಹೇಳ್ತಿದ್ದೆ. ನಿಮ್ಮ ದ್ಯಾಮವ್ವನ ಗುಣ ನಂಗೆ ಗೊತ್ತಿಲ್ಲಪ್ಪ."

ಮಂಗಳವಾರ ರಾಚವ್ವ ತಲೆಗೆ ನೀರು ಹಾಕಿಕೊಂಡು ದ್ಯಾಮವ್ವನ ಪಟಕ್ಕೆ ಒದ್ದೆ ಹೂ ಅಂಟಿಸಿ ಅಪ್ಪಣೆ ಕೇಳಿದಳು. ಬಲಕ್ಕೆ ಬಿದ್ದರೆ ಬಿಚ್ಚು, ಎಡಕ್ಕೆ ಬಿದ್ದರೆ ಬೇಡ. ಹೂ ಜಾರಿತು, ಚೌಕಟ್ಟಿನ ಕೆಳಗಿನ ಮೊಳೆಗೆ ಸಿಕ್ಕಿಕೊಂಡು ನಡುವೆಯೇ ನಿಂತಿತು. ಪಟ ಅಲುಗಾಡಿಸಿದರೆ ಬೀಳುತ್ತಿತ್ತು, ಆದರೆ ಅದು ತಾನು ಬೀಳಿಸಿದಂತಾಗುವುದಿಲ್ಲವೇ? ಸಂಜೆಯವರೆಗೆ ಹತ್ತು ಸಲ ನೋಡಿದಳು. ಹೂ ಅಲ್ಲೇ ಬಾಡಿತು.

"ಆಕೀಗೂ ತಿಳೀವಲ್ದು ಅಂತ ಕಾಣತೈತಿ" ಎಂದ ಮುರಿಗೆಪ್ಪ. ರಾಚವ್ವನಿಗೆ ನಗು ಬರಲಿಲ್ಲ.

ಬುಧವಾರ ಬೆಳಿಗ್ಗೆ ಚನ್ನವ್ವ ನಳದ ಹತ್ತಿರ ಮಗಳ ಮೈ ತೊಳೆದು ಪಡಸಾಲೆಯಲ್ಲಿ ನಿಲ್ಲಿಸಿದ್ದಳು. ರಾಚವ್ವ ಒಂದು ಬೆಲ್ಲದ ಚೂರು ಹಿಡಿದು ಬಂದಳು. ಏನು ಮಾಡಲು ಹೊರಟಿದ್ದೇನೆಂದು ಅವಳಿಗೇ ಪೂರಾ ಗೊತ್ತಿರಲಿಲ್ಲ. ನೀಲಾಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, "ಎಲ್ಲೈತಿ ಹೇಳು ಬೆಲ್ಲ?" ಎಂದು ಎಡಗಣ್ಣಿನ ಎದುರಿಗೇ ಹಿಡಿದಳು. ಕೂಸು ನಗುತ್ತ ಗಾಳಿಯಲ್ಲಿ ಕೈಯಾಡಿಸಿತು. ಗೋಡೆ ಮುಟ್ಟಿತು, ತಾಯಿಯ ಸೀರೆ ಮುಟ್ಟಿತು. ಮೂಗಿನ ಮುಂದಿದ್ದ ಬೆಲ್ಲ ಸಿಗಲಿಲ್ಲ. ಕೈ ತೆಗೆದೊಡನೆ ಗಬಕ್ಕನೆ ಕಸಿದುಕೊಂಡು ಬಾಯಿಗೆ ಹಾಕಿಕೊಂಡಿತು.

ಚನ್ನವ್ವ ತಂಬಿಗೆ ಕೆಳಗಿಟ್ಟು ಮಗಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಆ ಕಣ್ಣು ನಾವು ಕೊಡೂದಲ್ಲವ್ವ," ರಾಚವ್ವ ಮೆಲ್ಲಗೆ ಅಂದಳು, "ಅದು ಆಗಲೇ ಹೋಗೇತಿ."

ನಂತರ ವಾರಿಜಾಳ ಕತ್ತರಿ ತಂದಳು. "ನನ್ನ ರವಿಕೆ ಕತ್ತರಿ! ಬೆಳ್ಳಿಗೆ ಹಾಕಿದ್ರೆ ಬಾಯಿ ಹೋಗ್ತದೆ!" ಎಂದು ವಾರಿಜಾ ಹಿಂದೆಯೇ ಓಡಿಬಂದವಳು ಅವರ ಮುಖ ನೋಡಿ ಕೂಸನ್ನು ಅಲುಗದಂತೆ ಹಿಡಿದುಕೊಂಡಳು. ರಾಚವ್ವ ನೀಲಾಳ ಉಡದಾರದ ಗಂಟು ಬಿಚ್ಚಿ, ಜೋಡಿ ಕಣ್ಣಿನ ನಡುವಿನ ಪಟ್ಟಿಯನ್ನು ಕತ್ತರಿಸಿದಳು.

"ಒಂದು ದ್ಯಾಮವ್ವಗ ಈಗಲೇ ಮೀಸಲ. ಇನ್ನೊಂದು ಕೂಸಿನ ಮೈಮ್ಯಾಲೆ ಇರಲಿ. ಅದನ್ನಷ್ಟು ಕಾಯಿ ಅಂತ ಬೇಡೂಣು."

"ಹಂಗ ಮಾಡಾಕ ಬರತೈತೇನ್ರಿ ಅಕ್ಕಾ?"

ಹೂಂ ಎನ್ನಲು ರಾಚವ್ವ ಬಾಯಿ ತೆರೆದಳು. ನಾಲ್ಕು ವರ್ಷ ಎಲ್ಲ ತಾಯಂದಿರಿಗೂ ಹೂಂ ಅಂದೇ ರೂಢಿ.

"ನಂಗ ಗೊತ್ತಿಲ್ಲ ತಂಗಿ."

"ನಿಮಗೂ ಗೊತ್ತಿಲ್ಲಾ?"

"ಖರೇನ ಗೊತ್ತಿಲ್ಲ. ಆದ್ರ ಕೂಸಿನ ಕೈ ಬೆಲ್ಲ ಹುಡಕಿದ್ದು ನೋಡೀನಿ."

ಚನ್ನವ್ವ ಕುಸಿದು ಕೂತು, ಬಂದಂದಿನಿಂದ ಮೊದಲ ಸಲ ಬಾಯಿಬಿಟ್ಟು ಅತ್ತಳು. "ಊರಾಗ ವೈದ್ಯ ಗೊತ್ತೈತಿ ಅಂದ, ಅತ್ತಿ ಗೊತ್ತೈತಿ ಅಂದ್ಲು, ಇವರಣ್ಣ ಗೊತ್ತೈತಿ ಅಂದ. ನಂಗೊಬ್ಬಾಕೀಗೇ ಏನೂ ತಿಳೀವಲ್ದು ಅಂದ್ಕೊಂಡಿದ್ನಿರಿ" ಎಂದಳು. ರಾಚವ್ವ ಬೆನ್ನು ಸವರಿದಳು. ಅತ್ತು ಮುಗಿದ ಮೇಲೆ ಒಂದು ಕಣ್ಣನ್ನು ತನ್ನ ಸೆರಗಿನ ತುದಿಗೆ, ಇನ್ನೊಂದನ್ನು ಕೂಸಿನ ಉಡದಾರಕ್ಕೆ ಕಟ್ಟಿ, ರೊಟ್ಟಿಯ ತಾಟು ಮುಂದಿಟ್ಟಳು.

ಗುರುವಾರ ಶಿವಪುತ್ರಪ್ಪ ಹೆಬ್ಬೆಟ್ಟು ಒತ್ತಿದ. ಅವನ ಹಿಂದೆಯೇ ಚನ್ನವ್ವ ಒತ್ತಿದಳು. ನರ್ಸಬಾಯಿ ಕೂಸಿನ ಮೈಮೇಲಿನದನ್ನೆಲ್ಲ ಬಿಚ್ಚಿ, ಉಡದಾರದ ಗಂಟನ್ನು ರಾಚವ್ವನ ಕೈಗೆ ಹಾಕಿದಳು. ಬಾಗಿಲು ಮುಚ್ಚಿತು. ರಾಚವ್ವ ಅದರೊಳಗಿನ ಕಣ್ಣನ್ನು ತೆಗೆದು ಅವಸರದಲ್ಲಿ ಸೆರಗಿನ ತುದಿಯಲ್ಲಿದ್ದ ಗಂಟಿನೊಳಗೇ ತುರುಕಿ ಬಿಗಿದಳು.

ಮಧ್ಯಾಹ್ನ ನೀಲಾ ತಲೆಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಹೊರಬಂದಳು. ಗಡ್ಡೆ ಪೂರಾ ಹೊರಬಂದಂತಿದೆ, ಆದರೂ ವರ್ಷದವರೆಗೆ ತೋರಿಸುತ್ತಿರಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರರು. ಅವರಿಗೂ ಗೊತ್ತಿಲ್ಲ ಎಂದು ರಾಚವ್ವ ಚನ್ನವ್ವನಿಗೆ ಇದ್ದಂತೆಯೇ ಹೇಳಿದಳು. ಚನ್ನವ್ವ ತಲೆಯಾಡಿಸಿ, ಮಗಳ ಬಲಗಣ್ಣು ತೆರೆಯುವುದನ್ನೇ ನೋಡುತ್ತ ಕೂತಳು.

ಕೂಸಿಗೆ ಗಂಜಿ ಮಾಡಿ ತರಲು ರಾಚವ್ವ ಕುರ್ಲಾದ ಗಾಡಿ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೆರಗಿನ ಗಂಟು ಬಿಚ್ಚಿದರೆ ಎರಡು ಬೆಳ್ಳಿಯ ಕಣ್ಣು ಅಂಗೈಗೆ ಉದುರಿದವು. ದ್ಯಾಮವ್ವನ ಮೀಸಲನ್ನು ಬುಧವಾರವೇ ಇದೇ ತುದಿಯಲ್ಲಿ ಕಟ್ಟಿಕೊಂಡಿದ್ದಳು. ದೇವಿಗೆ ಕೊಟ್ಟದ್ದು ಯಾವುದು, ಉಳಿಸೆಂದು ಬೇಡಿದ್ದು ಯಾವುದು? ಬೆಳಕಿಗೆ ಹಿಡಿದಳು, ಹೊರಳಿಸಿದಳು, ಕತ್ತರಿಯ ಅಂಚು ಮುಟ್ಟಿ ನೋಡಿದಳು. ಎರಡೂ ಒಂದೇ ಥರ.

ದಾದರಿನಲ್ಲಿ ಜನ ನುಗ್ಗಿದರು. ರಾಚವ್ವ ಒಂದನ್ನು ಸೆರಗಿನ ಈ ತುದಿಗೆ, ಇನ್ನೊಂದನ್ನು ಆ ತುದಿಗೆ ಬೇರೆಬೇರೆಯಾಗಿ ಗಂಟು ಹಾಕಿ, ಎರಡನ್ನೂ ಎರಡು ಮುಷ್ಟಿಯಲ್ಲಿ ಹಿಡಿದು ಕೂತಳು.