ಹುಳದ ಮನೆಯ ಹೊಸ್ತಿಲು

ತ್ಯಾಗ, ಸಂಯಮ ಎಂದು ಯಾರಾದರೂ ಗಂಟಲು ಏರಿಸಿ ಹೇಳತೊಡಗಿದರೆ ನನಗೆ ಮೈ ಉರಿಯುತ್ತದೆ. ಅವರಿಗೇನು, ಹೇಳಿ ಎದ್ದು ಹೋಗುತ್ತಾರೆ. ನಾನು ಅವೆರಡನ್ನೂ ಕಂಡದ್ದು ನರಸೀಪುರದ ಹೊಳೆಯಾಚೆಯ ನಮ್ಮ ಮನೆಯಲ್ಲಿ, ಹೊಗೆಸೊಪ್ಪು ತಿಕ್ಕಿ ತಿಕ್ಕಿ ಹಳದಿಗಟ್ಟಿದ್ದ ನಮ್ಮಪ್ಪನ ಕೈಯಲ್ಲಿ.

ನಾವು ರೇಷ್ಮೆಹುಳು ಸಾಕುವವರು. ನಡುಮನೆಯೇ ಹುಳದ ಮನೆ. ಹುಳು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಖಾರ ಅರೆದ ಕೈಯಲ್ಲಿ ಹುಳದ ತಟ್ಟೆ ಮುಟ್ಟುವಂತಿಲ್ಲ. ಹೊಗೆಸೊಪ್ಪಂತೂ ಆಗಲೇ ಆಗದು. ಅದರ ಸೋಂಕು ತಗುಲಿದರೆ ಸಾಕು, ಹುಳು ತಲೆ ಎತ್ತಿ ಒದ್ದಾಡಿ, ಹಸಿರು ಕಕ್ಕಿ ಸಾಯುತ್ತವೆ. ಅದಕ್ಕೇ ಅವ್ವ ಇದ್ದಷ್ಟು ಕಾಲ, ಹುಳು ಮನೆಯಲ್ಲಿದ್ದಾಗಲೆಲ್ಲ ಅಪ್ಪನ ಊಟ, ನಿದ್ದೆ ದನದ ಕೊಟ್ಟಿಗೆಯಲ್ಲಿ. ಅದರಿಂದ ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ.

ಅವ್ವ ಪ್ಲೇಗಿನಲ್ಲಿ ಹೋದಳು. ಹುಳದ ಮನೆ ಅಕ್ಕನ ತಲೆಗೆ ಬಂತು. ಅಡಿಗೆ ನನ್ನದಾದ್ದರಿಂದ ನಾನು ಒಳಗೆ ಕಾಲಿಡುವ ಹಾಗಿರಲಿಲ್ಲ. ಅಕ್ಕನನ್ನು ಕವಲಂದೆಗೆ ಕೊಡುವುದೆಂದು ಮಾತಾಗಿತ್ತು. ಅವಳು ಹೋದರೆ ಹುಳು ನೋಡುವವರಿಲ್ಲ, ಹುಳು ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ. ಮದುವೆಯನ್ನು ಒಂದು ಸಲ ಮುಂದೆ ಹಾಕಿದೆವು, ಇನ್ನೊಂದು ಸಲ ಹಾಕಿದೆವು. ಕಡೆಗೆ ಗಂಡಿನವರು, ಈ ಹುಳದ ಬೆಳೆ ಮುಗಿದ ಮೇಲೂ ಹೆಣ್ಣು ಕಳಿಸದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅವರ ತಪ್ಪೇನೂ ಇರಲಿಲ್ಲ.

ಅಪ್ಪ ನಂಜನಗೂಡಿಗೆ ಹೋದ. ಕಪಿಲೆಯಲ್ಲಿ ಮುಳುಗಿ, ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಸದಾ ಗಂಟು ಕಟ್ಟಿಕೊಂಡಿರುತ್ತಿದ್ದ ಹೊಗೆಸೊಪ್ಪನ್ನು ಬಿಚ್ಚಿ ನೀರಿಗೆ ಬಿಟ್ಟ. ಆ ವಲ್ಲಿ ಧಾರೆಯ ದಿನ ಅವ್ವನ ತೌರಿನವರು ಹೊದಿಸಿದ್ದು. ಅದಿಲ್ಲದ ಅಪ್ಪನ ಹೆಗಲನ್ನು ನಾನು ಕಂಡೇ ಇರಲಿಲ್ಲ. ಊರಿಗೆ ಬಂದವನು ಹೊಸ್ತಿಲಾಚೆ ನಿಂತು ಅಕ್ಕನನ್ನು ಕರೆದ.

“ಇನ್ಮೇಲೆ ಒಗೆಸೊಪ್ಪು ಮುಟ್ಟಾಕಿಲ್ಲ ಕಣವ್ವ. ಉಳದ ಕೆಲ್ಸ ನಂಗೆ ಕಲ್ಸ್ಕೊಡು. ನೀ ನಿನ್ ಮನೆ ಸೇರ್ಕೊ.”

ಅಕ್ಕ ಅಷ್ಟು ಸುಲಭಕ್ಕೆ ನಂಬುವವಳಲ್ಲ. ದಿನಾ ಅವನು ಬೂದಿ ಹಾಕಿ ಕೈ ತಿಕ್ಕಿ ತೊಳೆಯಬೇಕು, ಹೊಸ್ತಿಲಲ್ಲಿ ಕೈ ಚಾಚಬೇಕು, ಅವಳು ಮೂಸಿ ನೋಡಿ ಒಳಗೆ ಬಿಡಬೇಕು. ಹೆತ್ತ ಮಗಳ ಮುಂದೆ ಹಾಗೆ ನಿಲ್ಲುವುದೆಂದರೆ ಸುಮ್ಮನೆಯೇ? ಅಪ್ಪ ನಿಂತ. ತಲೆ ಸಿಡಿಯುತ್ತಿತ್ತು, ಹುರಿದ ಹುಣಸೆಬೀಜ ಕಡಿಯುತ್ತಾ ಎತ್ತುಗಳ ಮೇಲೆ ರೇಗುತ್ತಿದ್ದ. ಹೊಸ್ತಿಲಿಗೆ ಬಂದಾಗ ಮಾತ್ರ ದನಿ ಏರಿಸುತ್ತಿರಲಿಲ್ಲ.

ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಮೂರನೇ ಜ್ವರ ಎದ್ದ ಮೇಲೆ ಒಂದು ಬೆಳಿಗ್ಗೆ ಕೆಲವು ತಟ್ಟೆಗಳಲ್ಲಿ ಹುಳು ಹಸಿರು ಕಕ್ಕಿ ಬಿದ್ದಿದ್ದವು. ಅಕ್ಕ ಅಪ್ಪನತ್ತ ತಿರುಗಿದಳು.

“ಎಲ್ ಮಡ್ಗಿದ್ದೀಯಪ್ಪ?”

“ಮುಟ್ಟಿಲ್ಲ ಕಣವ್ವ.”

ಅವಳು ನಂಬಲಿಲ್ಲ. ತಾನು ಬರುವುದಿಲ್ಲವೆಂದು ಕವಲಂದೆಗೆ ಹೇಳಿ ಕಳಿಸಿಬಿಡು ಎಂದಳು. ನನಗೋ ಕೋಪ ನೆತ್ತಿಗೇರಿತು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಪ್ಪ ಹೋಗಿ ಅಂಗಳದಲ್ಲಿ ಕೂತುಬಿಟ್ಟ.

ಸಂಜೆ ಪಾತ್ರೆ ಬೆಳಗುವಾಗ ಸೊಪ್ಪಿನ ಮಕ್ಕರಿ ಕಣ್ಣಿಗೆ ಬಿತ್ತು. ಬಿಸಿಲು ಏರಿದ್ದರಿಂದ, ತೋಟದಿಂದ ತರುವ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ಅಪ್ಪ ಎರಡು ದಿನದಿಂದ ತನ್ನ ವಲ್ಲಿಯನ್ನು ನೆನೆಸಿ ಅದರ ಮೇಲೆ ಮುಚ್ಚುತ್ತಿದ್ದ. ಆ ಬಟ್ಟೆಯನ್ನು ಜಾಲಿಸಿ ಹಿಂಡಿದೆ. ಗಂಟು ಕಟ್ಟುತ್ತಿದ್ದ ತುದಿಯಿಂದ ಕಂದು ನೀರು ಇಳಿಯಿತು. ಮೂಸಿದೆ. ಹೊಗೆಸೊಪ್ಪು.

ಅಯ್ಯೋ ಶಿವನೇ! ಅವನು ಬಾಯಿಂದ ಬಿಟ್ಟಿದ್ದ, ಕೈಯಿಂದ ತೊಳೆದಿದ್ದ. ಅಷ್ಟು ವರ್ಷ ಬಟ್ಟೆಗೆ ಇಳಿದದ್ದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಒಯ್ದು ತೋರಿಸಿದೆ. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಅಪ್ಪ ವಲ್ಲಿಯನ್ನು ಇಸಿದುಕೊಂಡು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡ, ಆಮೇಲೆ ಎದ್ದು ಹೊಳೆಯ ಕಡೆ ನಡೆದ. ಬರಿ ಹೆಗಲಲ್ಲಿ ಹಿಂದಿರುಗಿದ. ಹೊಗೆಸೊಪ್ಪು ಬಿಟ್ಟದ್ದು ಆ ವಲ್ಲಿ ಬಿಟ್ಟದ್ದರ ಮುಂದೆ ಏನೂ ಅಲ್ಲ.

ಸತ್ತ ಹುಳುಗಳನ್ನು ದೂರದಲ್ಲಿ ಹೂತೆವು. ಉಳಿದವು ಚೆನ್ನಾಗಿ ಮೇದವು. ಕಡೆಯ ಜ್ವರ ಎದ್ದಾಗಿನ ಅವುಗಳ ಹಸಿವು ನೋಡಬೇಕು. ಸೊಪ್ಪು ಹಾಕಿದ್ದೇ ತಡ, ಮನೆ ತುಂಬ ಸರಸರ ಸದ್ದು. ಅಪ್ಪ ತಟ್ಟೆಗಳ ನಡುವೆ ಕೂತು ಕೇಳಿಸಿಕೊಂಡ.

“ನಿಮ್ಮವ್ವ ಇಷ್ಟ್ ವರ್ಸ ಈ ಸದ್ದ ಒಬ್ಳೇ ಕೇಳ್ಕಂಡ್ ಕೂತಿದ್ಲಲ್ಲವ್ವ,” ಎಂದ.

ಅಲ್ಲಿಂದ ಮುಂದೆ ಅವನು ಕೊಟ್ಟಿಗೆಯಲ್ಲಿ ಮಲಗಲಿಲ್ಲ. ಸಾಯುವತನಕ ಹುಳದ ಮನೆಯೇ ಅವನ ಮನೆ. ಅಷ್ಟು ನೆಮ್ಮದಿಯಾಗಿ ಬದುಕಿದ ಇನ್ನೊಬ್ಬ ಗಂಡಸನ್ನು ನಾನು ನೋಡಿಲ್ಲ.

ಗೂಡು ಬಿಡಿಸಿದ ಮೇಲೆ ಅಕ್ಕನ ಮದುವೆಯಾಯಿತು. ಅಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳು ತಟ್ಟೆಯಲ್ಲಿದ್ದವು. ಕವಲಂದೆಯ ಗಾಡಿ ಹೊರಟು ನಿಂತಿತ್ತು. ಅಪ್ಪ ಹತ್ತಿರ ಹೋಗಿ, ರೂಢಿಯಂತೆ ಎರಡೂ ಕೈ ಚಾಚಿದ. ಅಕ್ಕ ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡಳು. ಈ ಸಲ ಮೂಸಲಿಲ್ಲ, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಂದಳು:

“ಒಳೀಕ್ ಓಗಪ್ಪ. ಉಳಕ್ಕೆ ಸೊಪ್ಪಾಕೋ ಒತ್ತಾಯ್ತು.”